ಗಣಕಯಂತ್ರದಲ್ಲಿ ತಖ್ತೆ ಸಿದ್ಧವಾಗುವ ಬಗೆಯೂ ಅದನ್ನು ಪರಿಶೀಲಿಸುವ ಕ್ರಮವೂ

ಗ್ರಾಮದ ಲೆಕ್ಕಪತ್ರಗಳನ್ನು ಹಿಂದಿನ ಕಾಲದಲ್ಲಿ ಪಟೇಲ ಶಾನುಭೋಗರು ಹೇಗೆ ನಡೆಸುತ್ತಿದ್ದರೆಂಬುದು ಹಿರಿಯರಿಗೆ ತಿಳಿದ ವಿಷಯವೇ ಆಗಿದೆ. ಶಾನುಭೋಗನು ಹೊಲಗದ್ದೆಗಳನ್ನು ಸುತ್ತಿ ಪ್ರತಿಯೊಂದು ಸರ್ವೆ ನಂಬರಿನ ಸಾಗುವಳಿಯನ್ನು ಪಹಣಿಯಲ್ಲಿ ಬರೆಯುತ್ತಿದ್ದನು. ಅವುಗಳನ್ನು ಕೂಡಿಸಿ ಗ್ರಾಮದ ಗೋಷ್ವಾರೆಯಾಗುತ್ತಿತ್ತು. ಗ್ರಾಮದ ಗೋಷ್ವಾರೆಗಳಿಂದ ಹೋಬಳಿಯ ತಖ್ತೆಯೂ, ಹೋಬಳಿಯ ತಖ್ತೆಗಳಿಂದ ತಾಲ್ಲೂಕು ಮತ್ತು ಜಿಲ್ಲೆಯ ತಖ್ತೆಗಳೂ ಸಿದ್ಧವಾಗುತ್ತಿದ್ದವು. ವಂಶಪಾರಂಪರ್ಯವಾಗಿ ಬಂದಿದ್ದ ಈ ಗ್ರಾಮಾಧಿಕಾರಗಳು 1961ರ ಕಾನೂನಿನ ಮೇರೆಗೆ 1963ರಲ್ಲಿ ರದ್ದಾದವು. ಆದರೆ ಲೆಕ್ಕ ಬರೆಯುವ ಕೆಲಸವಾಗಲಿ, ತಖ್ತೆ ಕಟ್ಟುವ ಕೆಲಸವಾಗಲಿ ರದ್ದಾಗಲಿಲ್ಲ. ಈಗ ಬರೆಯುವ ಕೆಲಸವು ಮೊಬೈಲ್ ಫೋನಿಗೂ, ಕೂಡಿಸಿ ತಖ್ತೆ ಕಟ್ಟುವ ಕೆಲಸವು ಗಣಕಯಂತ್ರಕ್ಕೂ ಹೋಗಿದೆ.

ಶಾನುಭೋಗನ ಕೈಬರಹದಲ್ಲಿ ತಪ್ಪಿದ್ದರೆ ರೈತನು ಚಾವಡಿಗೆ ಹೋಗಿ ಕೇಳಬಹುದಾಗಿತ್ತು. ಯಂತ್ರದಿಂದ ಅಚ್ಚಾಗಿ ಬಂದ ತಖ್ತೆಯನ್ನು ನೋಡಿದರೆ, ಯಂತ್ರವು ತಪ್ಪುಮಾಡಲಾರದೆಂದು ಭಾವಿಸಿ ಸುಮ್ಮನಾಗುವವರು ಬಹಳ ಮಂದಿ. ಈ ಭಾವನೆಯು ಸರಿಯಲ್ಲ. ಯಂತ್ರವು ಕೂಡುವಲ್ಲಿ ತಪ್ಪುವುದಿಲ್ಲವೆಂಬುದು ನಿಜ. ಆದರೆ ಏನನ್ನು ಕೂಡಬೇಕು, ಹೇಗೆ ಕೂಡಬೇಕು ಎಂಬುದನ್ನು ಗೊತ್ತುಮಾಡುವವರು ಮನುಷ್ಯರು. ಬೆಳೆ ವಿಮೆಯ ಪರಿಹಾರ, ಬರಪರಿಹಾರ, ಬೆಂಬಲ ಬೆಲೆಯಲ್ಲಿ ಧಾನ್ಯದ ಖರೀದಿ ಇವೆಲ್ಲವೂ ಇಂದು ಇಂತಹ ತಖ್ತೆಗಳನ್ನು ಅವಲಂಬಿಸಿರುವುದರಿಂದ, ಅವು ಸಿದ್ಧವಾಗುವ ಬಗೆಯನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ತಿಳಿದಿರುವುದು ಅವಶ್ಯಕವಾಗಿದೆ.

ತಖ್ತೆ ಕಟ್ಟುವ ಯಂತ್ರಗಳ ಪೂರ್ವಚರಿತ್ರೆ

ಬಹುಸಂಖ್ಯೆಯ ನಮೂದುಗಳನ್ನು ಯಂತ್ರದಿಂದ ವಿಂಗಡಿಸಿ ಎಣಿಸುವ ಕೆಲಸವು ಅಮೆರಿಕ ದೇಶದ 1890ರ ಖಾನೇಷುಮಾರಿಯಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಹೊಲೆರಿತ್ ಎಂಬಾತನು ಒಬ್ಬೊಬ್ಬ ಮನುಷ್ಯನ ವಿವರಕ್ಕೆ ಒಂದೊಂದು ದಪ್ಪ ಕಾಗದದ ಕಾರ್ಡನ್ನು ಇಟ್ಟು, ಅದರಲ್ಲಿ ರಂಧ್ರಗಳನ್ನು ಕೊರೆದು, ಆ ರಂಧ್ರಗಳನ್ನು ವಿದ್ಯುಚ್ಛಕ್ತಿಯಿಂದ ಎಣಿಸುವ ಯಂತ್ರವನ್ನು ನಿರ್ಮಿಸಿದನು. 1959ರಲ್ಲಿ ಐ.ಬಿ.ಎಂ. ಕಂಪೆನಿಯು ತಖ್ತೆಗಳನ್ನು ತಯಾರಿಸುವುದಕ್ಕಾಗಿಯೇ ಆರ್.ಪಿ.ಜಿ. ಎಂಬ ಗಣಕಭಾಷೆಯೊಂದನ್ನು ಹೊರತಂದಿತು. 1970ರಲ್ಲಿ ಕಾಡ್ ಎಂಬ ವಿದ್ವಾಂಸನು, ಎಲ್ಲ ಮಾಹಿತಿಯನ್ನೂ ಸಾಲು ಮತ್ತು ಕಲಂಗಳುಳ್ಳ ಪಟ್ಟಿಗಳಾಗಿಯೇ ಇಟ್ಟು, ಒಂದು ಪಟ್ಟಿಗೂ ಇನ್ನೊಂದಕ್ಕೂ ಸಂಬಂಧ ಕಲ್ಪಿಸಬಹುದೆಂದು ತೋರಿಸಿದನು. ಆ ಪಟ್ಟಿಗಳನ್ನು ಪ್ರಶ್ನಿಸಿ ಉತ್ತರ ಪಡೆಯುವ ಎಸ್.ಕ್ಯು.ಎಲ್. ಎಂಬ ಭಾಷೆಯು ಅದೇ ದಶಕದಲ್ಲಿ ಹುಟ್ಟಿ ಇಂದಿಗೂ ಬಳಕೆಯಲ್ಲಿದೆ. 1990ರ ದಶಕದಲ್ಲಿ ಕ್ರಿಸ್ಟಲ್ ರಿಪೋರ್ಟ್ಸ್, 2001ರಲ್ಲಿ ಜ್ಯಾಸ್ಪರ್ ರಿಪೋರ್ಟ್ಸ್ ಮೊದಲಾದ ವರದಿ ತಂತ್ರಾಂಶಗಳು ಬಂದವು. ಇವು ನೇರವಾಗಿ ರೈತರಿಗಾಗಲಿ ಗುಮಾಸ್ತರಿಗಾಗಲಿ ಮಾಡಿದವಲ್ಲ. ತಂತ್ರಾಂಶ ರಚಿಸುವವರು ತಾವು ಕಟ್ಟುವ ದೊಡ್ಡ ವ್ಯವಸ್ಥೆಯೊಳಗೆ ತಖ್ತೆಯ ಭಾಗವನ್ನು ಅಳವಡಿಸಿಕೊಳ್ಳುವುದಕ್ಕೆ ಬಳಸುವ ಸಲಕರಣೆಗಳು. ಬಡಗಿಗೆ ಉಳಿ ಹೇಗೋ ಅವರಿಗೆ ಇವು ಹಾಗೆ.

ಕರ್ನಾಟಕದಲ್ಲಿ ರೈತರ ಲೆಕ್ಕವು ಗಣಕಯಂತ್ರಕ್ಕೆ ಏರಿದ ಮುಖ್ಯ ಘಟ್ಟವೆಂದರೆ ಭೂಮಿ ಯೋಜನೆ. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಭೂದಾಖಲೆಗಳನ್ನು ಯಂತ್ರದಲ್ಲಿ ನಮೂದಿಸಿ, ಈ ಶತಮಾನದ ಆರಂಭದ ವರ್ಷಗಳಲ್ಲಿ ತಾಲ್ಲೂಕು ಕಚೇರಿಗಳಿಂದ ಅಚ್ಚಾದ ಪಹಣಿಯನ್ನು ಕೊಡಲು ಆರಂಭಿಸಲಾಯಿತು. ರೈತನು ಕೈಯಲ್ಲಿ ಹಿಡಿಯುವ ಪಹಣಿಯು ಸಹ ಯಂತ್ರವು ಕಟ್ಟಿಕೊಟ್ಟ ಒಂದು ತಖ್ತೆಯೇ ಎಂಬುದನ್ನು ಗಮನಿಸಬೇಕು. ಅದರ 9ನೆಯ ಕಲಮಿನಲ್ಲಿ ಸ್ವಾಧೀನದಾರರ ಹೆಸರು, 11ನೆಯದರಲ್ಲಿ ಹಕ್ಕು ಮತ್ತು ಋಣಗಳು, 12ನೆಯದರಲ್ಲಿ ಸಾಗುವಳಿಯ ವಿವರ ಇರುತ್ತವೆ. ಅನಂತರ ರೈತರ ನೋಂದಣಿಗಾಗಿ ಫ್ರೂಟ್ಸ್ ಎಂಬ ವ್ಯವಸ್ಥೆಯೂ, ಬೆಳೆ ವಿಮೆಗೆ ಸಂರಕ್ಷಣೆ ಎಂಬುದೂ, ಹೊಲದಲ್ಲಿಯೇ ಛಾಯಾಚಿತ್ರ ತೆಗೆದು ಬೆಳೆಯನ್ನು ದಾಖಲಿಸುವ ಬೆಳೆ ಸಮೀಕ್ಷೆಯೂ ಬಂದವು. 2020ರ ಮುಂಗಾರಿನಿಂದ ರೈತರು ತಾವೇ ತಮ್ಮ ಫೋನಿನಿಂದ ಬೆಳೆಯ ವಿವರವನ್ನು ಕಳುಹಿಸುವ ಅವಕಾಶವನ್ನೂ ಸರ್ಕಾರವು ಕಲ್ಪಿಸಿತು.

ತಖ್ತೆಯನ್ನು ಕಟ್ಟುವ ಕ್ರಮ

ವಿಷಯವು ಸುಲಭವಾಗಿ ತಿಳಿಯುವುದಕ್ಕಾಗಿ ಐದೇ ನಮೂದುಗಳುಳ್ಳ ಒಂದು ಚಿಕ್ಕ ಗ್ರಾಮವನ್ನು ಕಲ್ಪಿಸಿಕೊಳ್ಳಬಹುದು. ಮುಂಗಾರಿನ ಬೆಳೆಗಳು ಈ ಕೆಳಗಿನಂತೆ ದಾಖಲಾಗಿವೆಯೆಂದು ಇಟ್ಟುಕೊಳ್ಳೋಣ:

ಸರ್ವೆ ನಂಬರು 12/1: ರಾಗಿ, 1 ಎಕರೆ 30 ಗುಂಟೆ
ಸರ್ವೆ ನಂಬರು 12/2: ರಾಗಿ, 1 ಎಕರೆ 30 ಗುಂಟೆ
ಸರ್ವೆ ನಂಬರು 15: ಬತ್ತ, 35 ಗುಂಟೆ
ಸರ್ವೆ ನಂಬರು 18/3: ಮುಸುಕಿನ ಜೋಳ, 2 ಎಕರೆ 10 ಗುಂಟೆ
ಸರ್ವೆ ನಂಬರು 21: ಬತ್ತ, 1 ಎಕರೆ 15 ಗುಂಟೆ

ಇದರಿಂದ ಬೆಳೆವಾರು ತಖ್ತೆಯಾಗಬೇಕಾದರೆ ತಂತ್ರಾಂಶ ರಚಿಸುವವನು ಐದು ಕೆಲಸಗಳನ್ನು ಮಾಡುತ್ತಾನೆ.

(1) ಮೂಲವನ್ನು ತೋರಿಸುವುದು. ಯಾವ ಪಟ್ಟಿಯಿಂದ ಮಾಹಿತಿ ತೆಗೆಯಬೇಕೆಂಬುದನ್ನು ಯಂತ್ರಕ್ಕೆ ತಿಳಿಸುತ್ತಾನೆ. ಭೂಮಾಲೀಕರ ಪಟ್ಟಿ ಒಂದು ಕಡೆ, ಬೆಳೆ ಸಮೀಕ್ಷೆಯ ಪಟ್ಟಿ ಇನ್ನೊಂದು ಕಡೆ, ಬ್ಯಾಂಕಿನ ಖಾತೆಯ ವಿವರ ಮತ್ತೊಂದು ಕಡೆ ಇರುವುದುಂಟು.

(2) ಪ್ರಶ್ನೆಯನ್ನು ಬರೆಯುವುದು. ಇಂಥ ವರ್ಷದ ಮುಂಗಾರಿನಲ್ಲಿ, ಇಂಥ ಗ್ರಾಮದಲ್ಲಿ, ಮೇಲ್ವಿಚಾರಕರು ಒಪ್ಪಿದ ನಮೂದುಗಳನ್ನು ಮಾತ್ರ ತೆಗೆದುಕೊ ಎಂಬುದು ಪ್ರಶ್ನೆಯ ಮಾದರಿ. ಗ್ರಾಮದ ಹೆಸರು ಮತ್ತು ವರ್ಷವನ್ನು ಅದರಲ್ಲಿ ಖಾಲಿ ಬಿಟ್ಟಿರುತ್ತಾರೆ. ತಖ್ತೆ ಬೇಕಾದ ಅಧಿಕಾರಿಯು ಆ ಜಾಗವನ್ನು ತುಂಬುತ್ತಾನೆ. ಆದ್ದರಿಂದಲೇ ಒಂದು ಸಲ ಬರೆದ ಪ್ರಶ್ನೆಯು ನಂಜನಗೂಡಿಗೂ ಪಿರಿಯಾಪಟ್ಟಣಕ್ಕೂ ಸಮಾನವಾಗಿ ಒದಗುತ್ತದೆ.

(3) ಅಚ್ಚನ್ನು ಮಾಡುವುದು. ಕಾಗದದ ಮೇಲುಭಾಗದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿಗಳ ಹೆಸರು. ಅದರ ಕೆಳಗೆ ಕಲಂಗಳ ಶಿರೋನಾಮೆ. ಆಮೇಲೆ ಒಂದೊಂದು ನಮೂದಿಗೆ ಒಂದೊಂದು ಸಾಲು. ಕೊನೆಯಲ್ಲಿ ಮೊತ್ತ ಮತ್ತು ಷರಾ. ವಿವರದ ಸಾಲನ್ನು ಅಚ್ಚಿನಲ್ಲಿ ಒಂದೇ ಸಲ ಬರೆದಿರುತ್ತಾರೆ. ಐದು ನಮೂದುಗಳಿದ್ದರೆ ಯಂತ್ರವು ಅದನ್ನು ಐದು ಸಲ ತುಂಬುತ್ತದೆ. ಐದು ಸಾವಿರವಿದ್ದರೆ ಐದು ಸಾವಿರ ಸಲ ತುಂಬುತ್ತದೆ.

(4) ಗುಂಪುಮಾಡಿ ಕೂಡುವುದು. ಬೆಳೆ ಬದಲಾದಲ್ಲೆಲ್ಲ ಒಂದು ಉಪಮೊತ್ತವನ್ನೂ, ಎಲ್ಲಕ್ಕೂ ಕೊನೆಯಲ್ಲಿ ಏಕಂದರು ಮೊತ್ತವನ್ನೂ ಹಾಕಬೇಕೆಂದು ಯಂತ್ರಕ್ಕೆ ಅಪ್ಪಣೆ ಕೊಡಲಾಗುತ್ತದೆ. ಮೇಲಿನ ಗ್ರಾಮದಲ್ಲಿ ರಾಗಿ 3 ಎಕರೆ 20 ಗುಂಟೆ, ಬತ್ತ 2 ಎಕರೆ 10 ಗುಂಟೆ, ಮುಸುಕಿನ ಜೋಳ 2 ಎಕರೆ 10 ಗುಂಟೆ, ಏಕಂದರು 8 ಎಕರೆ ಆಗಬೇಕು.

(5) ಹೊರಗೆ ಕೊಡುವುದು. ಸಿದ್ಧವಾದ ತಖ್ತೆಯನ್ನು ಅಚ್ಚುಹಾಕುವಂತೆಯೋ, ಪರದೆಯ ಮೇಲೆ ಓದುವಂತೆಯೋ, ಇನ್ನೊಂದು ಯಂತ್ರವು ತೆಗೆದುಕೊಂಡು ಮುಂದಿನ ಲೆಕ್ಕ ಮಾಡುವಂತೆಯೋ ಕೊಡಲಾಗುತ್ತದೆ. ಹಣವನ್ನು ರೈತನ ಖಾತೆಗೆ ಹಾಕುವ ಆಜ್ಞೆಗಳು ಕೊನೆಯ ಬಗೆಯ ತಖ್ತೆಗಳಿಂದ ಹೊರಡುತ್ತವೆ.

ಇಷ್ಟರಿಂದ ಎರಡು ವಿಷಯಗಳು ಸ್ಪಷ್ಟಪಡುತ್ತವೆ. ಮೊದಲನೆಯದು, ಹೊಲದಲ್ಲಿ ನಮೂದಾಗದ ಯಾವ ಸಂಗತಿಯನ್ನೂ ಯಂತ್ರವು ತಾನಾಗಿ ಹುಟ್ಟಿಸಲಾರದು, ಬಿತ್ತಿದ್ದನ್ನೇ ಬೆಳೆಯಬೇಕಷ್ಟೆ. ಎರಡನೆಯದು, ಅಚ್ಚಿನಲ್ಲಿ ಒಂದು ದೋಷವಿದ್ದರೆ ಅದು ಒಂದು ಗ್ರಾಮಕ್ಕೆ ನಿಲ್ಲುವುದಿಲ್ಲ. ಆ ಅಚ್ಚಿನಿಂದ ಹೊರಟ ಸಾವಿರಾರು ಗ್ರಾಮಗಳ ತಖ್ತೆಗಳಲ್ಲಿಯೂ ಅದೇ ದೋಷ ಮೂಡುತ್ತದೆ. ಶಾನುಭೋಗನ ತಪ್ಪಿಗೂ ಯಂತ್ರದ ತಪ್ಪಿಗೂ ಇರುವ ಮುಖ್ಯ ವ್ಯತ್ಯಾಸವು ಇದೇ.

ಮಾರುಕಟ್ಟೆಯ ದಿನದ ವರದಿ

ಸರಾಸರಿಯ ವಿಷಯದಲ್ಲಿ ಉಂಟಾಗುವ ಭ್ರಮೆಯನ್ನು ತಿಳಿಯಲು ವ್ಯಾಪಾರದ ತಖ್ತೆಯು ಒಳ್ಳೆಯ ಉದಾಹರಣೆ. ಮೈಸೂರು ನಗರದ ದಕ್ಷಿಣಕ್ಕೆ ನಂಜನಗೂಡು ರಸ್ತೆಯಲ್ಲಿರುವ ಬಂಡೀಪಾಳ್ಯದ ಕೃಷಿ ಉತ್ಪನ್ನ ಮಾರುಕಟ್ಟೆಗೆ ಸುತ್ತಣ ತಾಲ್ಲೂಕುಗಳ ಸರಕು ಬರುತ್ತದೆ. ಮಾರುಕಟ್ಟೆಗಳ ದೈನಂದಿನ ವರದಿಯಲ್ಲಿ ಪ್ರತಿಯೊಂದು ಸರಕಿನ ಆವಕ, ಕನಿಷ್ಠ ಬೆಲೆ, ಗರಿಷ್ಠ ಬೆಲೆ ಮತ್ತು ಮಾದರಿ ಬೆಲೆ ಎಂಬ ಕಲಂಗಳಿರುತ್ತವೆ. ಮಾದರಿ ಬೆಲೆಯೆಂದರೆ ಆ ದಿನ ಹೆಚ್ಚಿನ ಸರಕು ಮಾರಾಟವಾದ ಬೆಲೆಯೇ ಹೊರತು, ಕನಿಷ್ಠ ಗರಿಷ್ಠಗಳನ್ನು ಕೂಡಿ ಎರಡರಿಂದ ಭಾಗಿಸಿದ್ದಲ್ಲ.

ಒಂದು ದಿನ 10 ಕ್ವಿಂಟಾಲು ಸರಕು ಕ್ವಿಂಟಾಲಿಗೆ 3,000 ರೂಪಾಯಿನಂತೆಯೂ, 90 ಕ್ವಿಂಟಾಲು 2,000 ರೂಪಾಯಿನಂತೆಯೂ ಮಾರಾಟವಾಯಿತೆಂದು ಭಾವಿಸಿದರೆ, ಎರಡು ಬೆಲೆಗಳ ಸರಾಸರಿಯು 2,500 ಎಂದಾಗುತ್ತದೆ. ಆದರೆ ಸರಕಿನ ತೂಕವನ್ನು ಗಣನೆಗೆ ತೆಗೆದುಕೊಂಡರೆ ಒಟ್ಟು ಮೊಬಲಗು 2,10,000 ರೂಪಾಯಿ, ಒಟ್ಟು ತೂಕ 100 ಕ್ವಿಂಟಾಲು. ನಿಜವಾದ ಸರಾಸರಿ 2,100 ರೂಪಾಯಿ ಮಾತ್ರ. ಮೊದಲನೆಯ ಸಂಖ್ಯೆಯನ್ನು ನಂಬಿ ಸರಕನ್ನು ಗಾಡಿಗೆ ಏರಿಸಿದ ರೈತನು ನಿರಾಶನಾಗುವನು. ಎರಡು ಲೆಕ್ಕಗಳಲ್ಲಿಯೂ ಯಂತ್ರದ ಕೂಡುವಿಕೆಯಲ್ಲಿ ತಪ್ಪಿಲ್ಲ. ಕೇಳಿದ ಪ್ರಶ್ನೆಯೇ ಬೇರೆಬೇರೆ. ಆದಕಾರಣ ಸರಾಸರಿಯೆಂಬ ಮಾತನ್ನು ಕಂಡಲ್ಲೆಲ್ಲ, ಯಾವುದರ ಸರಾಸರಿ, ಯಾವುದರ ಮೇಲೆ ಭಾಗಿಸಿದ್ದು ಎಂದು ಕೇಳಬೇಕು.

ತಪ್ಪುಗಳು ನುಸುಳುವ ಸ್ಥಳಗಳು

ಬೆಳೆಯ ತಖ್ತೆಗಳಲ್ಲಿ ತಪ್ಪು ನುಸುಳಬಹುದಾದ ಸ್ಥಳಗಳಲ್ಲಿ ಐದು ಮುಖ್ಯವಾದವು.

ಎಕರೆ ಗುಂಟೆಯ ತೊಡಕು. ಒಂದು ಎಕರೆಗೆ 40 ಗುಂಟೆ. 1 ಎಕರೆ 30 ಗುಂಟೆಯನ್ನು ಬರೆಯುವಾಗ 1.30 ಎಂದು ಬರೆಯುವ ವಾಡಿಕೆಯುಂಟು. ಇದನ್ನು ತಿಳಿಯದೆ ದಶಾಂಶ ಸಂಖ್ಯೆಯೆಂದು ಭಾವಿಸಿ ಅಚ್ಚು ಮಾಡಿದರೆ ಅನರ್ಥವಾಗುತ್ತದೆ. ಮೇಲಿನ ಗ್ರಾಮದಲ್ಲಿ 1.30, 1.30, 0.35, 2.10, 1.15 ಇವುಗಳನ್ನು ದಶಾಂಶದಂತೆ ಕೂಡಿದರೆ 6.20 ಬರುತ್ತದೆ, ನಿಜವಾದ ವಿಸ್ತೀರ್ಣ 8 ಎಕರೆ. ಯಂತ್ರವು ಇದನ್ನು ತಪ್ಪೆಂದು ಹೇಳುವುದಿಲ್ಲ, ಏಕೆಂದರೆ ಅದರ ಮಟ್ಟಿಗೆ 6.20 ಸರಿಯಾದ ಉತ್ತರವೇ. ಸರಿಯಾದ ಕ್ರಮವೆಂದರೆ ಎಲ್ಲವನ್ನೂ ಮೊದಲು ಗುಂಟೆಗೆ ತಂದು, ಕೂಡಿ, ಪುನಃ 40ರಿಂದ ಭಾಗಿಸುವುದು.

ಇದರಿಂದ ಹಣದಲ್ಲಿ ಆಗುವ ನಷ್ಟವನ್ನೂ ನೋಡಬಹುದು. 2022-23ರಿಂದ 2025-26ರವರೆಗಿನ ಅವಧಿಗೆ ಕೇಂದ್ರ ಸರ್ಕಾರವು ಗೊತ್ತುಮಾಡಿದ ವಿಪತ್ತು ಪರಿಹಾರದ ನಿಯಮಗಳಲ್ಲಿ, ಷೇಕಡ 33 ಅಥವಾ ಅದಕ್ಕೆ ಮೇಲ್ಪಟ್ಟು ಹಾನಿಯಾದ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿನಂತೆ ದರವಿತ್ತು. 1 ಎಕರೆ 30 ಗುಂಟೆಯೆಂದರೆ ಒಂದೂಮುಕ್ಕಾಲು ಎಕರೆ; ಅದಕ್ಕೆ ಆ ದರದಲ್ಲಿ ಸುಮಾರು 6,020 ರೂಪಾಯಿ ಸಲ್ಲಬೇಕು. ಅದನ್ನೇ 1.30 ಎಕರೆಯೆಂದು ಗಣಿಸಿದರೆ ಸುಮಾರು 4,472 ರೂಪಾಯಿ ಬರುತ್ತದೆ. ಒಂದು ಚುಕ್ಕೆಯ ಅರ್ಥವನ್ನು ತಪ್ಪಾಗಿ ತಿಳಿದದ್ದರಿಂದ ಒಬ್ಬ ಸಣ್ಣ ಹಿಡುವಳಿದಾರನಿಗೆ 1,548 ರೂಪಾಯಿ ಖೋತಾ ಬಿದ್ದಂತಾಗುತ್ತದೆ.

ಜಂಟಿ ಖಾತೆಯ ತೊಡಕು. 18/3ನೆಯ ನಂಬರು ಪೋಡಿಯಾಗದೆ ಮೂವರು ಅಣ್ಣತಮ್ಮಂದಿರ ಹೆಸರಿನಲ್ಲಿ ಇದೆಯೆಂದು ಇಟ್ಟುಕೊಳ್ಳೋಣ. ಮಾಲೀಕರ ಪಟ್ಟಿಯಲ್ಲಿ ಆ ನಂಬರಿಗೆ ಮೂರು ಸಾಲು. ಬೆಳೆಯ ಪಟ್ಟಿಯಲ್ಲಿ ಒಂದೇ ಸಾಲು. ಎರಡನ್ನೂ ಸರ್ವೆ ನಂಬರಿನಿಂದ ಜೋಡಿಸಿದಾಗ ಮೂವರ ಹೆಸರಿನ ಮುಂದೆಯೂ 2 ಎಕರೆ 10 ಗುಂಟೆ ಬಂದು ನಿಲ್ಲುತ್ತದೆ. ರಚಿಸುವವನು ಎಚ್ಚರವಹಿಸದಿದ್ದರೆ ಅದು 6 ಎಕರೆ 30 ಗುಂಟೆಯಾಗಿ ಕೂಡಿ, 8 ಎಕರೆಯ ಗ್ರಾಮವು 12 ಎಕರೆ 20 ಗುಂಟೆಯಾಗುತ್ತದೆ. ಇದಕ್ಕೆ ಹೆದರಿ ಮೊದಲನೆಯ ಹೆಸರನ್ನು ಮಾತ್ರ ತೆಗೆದುಕೊಂಡರೆ ಉಳಿದ ಇಬ್ಬರಿಗೆ ಏನೂ ಸಲ್ಲದೆ ಹೋಗುತ್ತದೆ. ಎರಡೂ ತಪ್ಪು. ಒಬ್ಬೊಬ್ಬರ ಹಿಸ್ಸೆ ಎಷ್ಟೆಂಬುದು ದಾಖಲೆಯಲ್ಲಿಯೇ ನಿಂತಿದ್ದರೆ ಮಾತ್ರ ತಖ್ತೆ ಸರಿಯಾಗುತ್ತದೆ. ಅಣ್ಣತಮ್ಮಂದಿರು ಪೋಡಿ ಮಾಡಿಸಿಕೊಳ್ಳುವುದನ್ನು ವರ್ಷದಿಂದ ವರ್ಷಕ್ಕೆ ಮುಂದೂಡುವುದರಿಂದ ಆಗುವ ತೊಂದರೆಗಳಲ್ಲಿ ಇದೂ ಒಂದು.

ಖಾಲಿಗೂ ಸೊನ್ನೆಗೂ ಇರುವ ಭೇದ. ಬೆಳೆ ವಿಮೆಯಲ್ಲಿ ಮುಖ್ಯ ಬೆಳೆಗಳ ಇಳುವರಿಯನ್ನು ಗ್ರಾಮ ಪಂಚಾಯತಿಗೆ 4ರಂತೆ ಬೆಳೆ ಕಟಾವು ಪ್ರಯೋಗಗಳನ್ನು ನಡೆಸಿ ಗೊತ್ತುಮಾಡುವರು. ಮಾದರಿಯ ತಾಕುಗಳಿಂದ ಪ್ರಾಂತದ ಇಳುವರಿಯನ್ನು ಅಂದಾಜುಮಾಡುವ ಈ ವಿದ್ಯೆಯನ್ನು ನಮ್ಮ ದೇಶದಲ್ಲಿ ಬೆಳೆಸಿದವರಲ್ಲಿ ಮಹಲನೋಬಿಸ್ ಮತ್ತು ಸುಖಾತ್ಮೆಯವರು ಪ್ರಮುಖರು. 5 ಮೀಟರು ಉದ್ದ 5 ಮೀಟರು ಅಗಲದ ತಾಕು ಹೆಕ್ಟೇರಿನ 400ರಲ್ಲಿ ಒಂದು ಭಾಗವಾದ್ದರಿಂದ, ತಾಕಿನ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ ದೊರೆಯುತ್ತದೆ. ಮೂರು ತಾಕುಗಳಲ್ಲಿ 10, 8, 9 ಕಿಲೋಗ್ರಾಂ ಬತ್ತ ಬಂದು, ನಾಲ್ಕನೆಯ ಪ್ರಯೋಗವು ಯಾವುದೋ ಕಾರಣದಿಂದ ನಡೆಯಲಿಲ್ಲವೆಂದು ಭಾವಿಸಿದರೆ, ನಡೆದ ಮೂರರ ಸರಾಸರಿ 9, ಹೆಕ್ಟೇರಿಗೆ 3,600 ಕಿಲೋಗ್ರಾಂ. ನಡೆಯದ ಪ್ರಯೋಗದ ಖಾಲಿ ಜಾಗವನ್ನು ಸೊನ್ನೆಯೆಂದು ತೆಗೆದುಕೊಂಡರೆ ಸರಾಸರಿ 6.75, ಹೆಕ್ಟೇರಿಗೆ 2,700 ಕಿಲೋಗ್ರಾಂ.

ವಿಮೆಯ ಪರಿಹಾರವು, ಮೊದಲೇ ಗೊತ್ತಾಗಿರುವ ಪ್ರಾರಂಭಿಕ ಇಳುವರಿಗೂ ಆ ವರ್ಷದ ಇಳುವರಿಗೂ ಇರುವ ಕೊರತೆಯನ್ನು ಪ್ರಾರಂಭಿಕ ಇಳುವರಿಯಿಂದ ಭಾಗಿಸಿ, ವಿಮಾ ಮೊತ್ತದಿಂದ ಗುಣಿಸಿ ಬರುವುದು. ಪ್ರಾರಂಭಿಕ ಇಳುವರಿ 3,600 ಎಂದಾದರೆ ಮೊದಲನೆಯ ಲೆಕ್ಕದಲ್ಲಿ ಪರಿಹಾರವೇ ಇಲ್ಲ. ಎರಡನೆಯದರಲ್ಲಿ ವಿಮಾ ಮೊತ್ತದ ಷೇಕಡ 25 ಸಲ್ಲುತ್ತದೆ. ಇಲ್ಲಿ ತಪ್ಪಿನಿಂದ ರೈತನಿಗೆ ಲಾಭವಾಯಿತಲ್ಲವೆ ಎಂದು ಕೆಲವರು ಹೇಳಬಹುದು. ಆದರೆ ಇದೇ ಗೊಂದಲವು ಇನ್ನೊಂದು ಕಡೆಯಲ್ಲಿ ತಿರುಗುಮುರುಗಾಗುತ್ತದೆ. ಪೂರ್ತಿ ನಾಶವಾದ ತಾಕಿನಲ್ಲಿ ಸೊನ್ನೆಯೆಂದು ಬರೆಯಬೇಕಾದ ಜಾಗವನ್ನು ಖಾಲಿ ಬಿಟ್ಟರೆ, ಯಂತ್ರವು ಆ ತಾಕನ್ನೇ ಬಿಟ್ಟು ಉಳಿದವುಗಳ ಸರಾಸರಿಯನ್ನು ತೆಗೆದು, ನಾಶವಾದ ಪಂಚಾಯತಿಗೆ ಒಳ್ಳೆಯ ಇಳುವರಿಯನ್ನು ತೋರಿಸುತ್ತದೆ. ಆದ್ದರಿಂದ ಬೆಳೆ ಇಲ್ಲದಿದ್ದರೆ ಇಲ್ಲವೆಂದೂ, ನೋಡದಿದ್ದರೆ ನೋಡಲಿಲ್ಲವೆಂದೂ ಸ್ಪಷ್ಟವಾಗಿ ಬರೆಯತಕ್ಕದ್ದು.

ಹೆಸರಿನ ತೊಡಕು. ಸಿದ್ದೇಗೌಡ, ಸಿದ್ಧೇಗೌಡ ಎಂಬ ಎರಡು ಬರಹಗಳು ಒಬ್ಬನೇ ಮನುಷ್ಯನದೆಂದು ಊರಿನವರಿಗೆ ತಿಳಿದಿದೆ. ಯಂತ್ರಕ್ಕೆ ಅವರು ಇಬ್ಬರು. ಪಹಣಿಯಲ್ಲಿ ತಂದೆಯ ಹೆಸರಿನೊಡನೆ ಬಿನ್ ಎಂದು ಸೇರಿಸಿ ಬರೆದಿದ್ದು, ಆಧಾರಿನಲ್ಲಿ ಮನೆತನದ ಮೊದಲಕ್ಷರ ಮಾತ್ರವಿದ್ದು, ಬ್ಯಾಂಕಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಮತ್ತೊಂದು ವಿಧವಾಗಿದ್ದರೆ, ಹೆಸರಿನಿಂದ ಜೋಡಿಸಿದ ತಖ್ತೆಯಲ್ಲಿ ಆ ರೈತನು ಬಿಟ್ಟುಹೋಗುವುದು ಆಶ್ಚರ್ಯವಲ್ಲ. ಈ ಕಾರಣದಿಂದಲೇ ಫ್ರೂಟ್ಸ್ ವ್ಯವಸ್ಥೆಯಲ್ಲಿ ಪ್ರತಿಯೊಬ್ಬ ರೈತನಿಗೂ ಎಫ್.ಐ.ಡಿ. ಎಂಬ ಒಂದು ಗುರುತಿನ ಸಂಖ್ಯೆಯನ್ನು ಕೊಡಲಾಗಿದೆ. ಹೆಸರು ಬದಲಾದರೂ ಸಂಖ್ಯೆ ಬದಲಾಗದು. ಆದರೆ ಆ ಸಂಖ್ಯೆಯ ಕೆಳಗೆ ರೈತನ ಎಲ್ಲ ಸರ್ವೆ ನಂಬರುಗಳೂ ಸೇರಿರಬೇಕು. ಸೇರದ ನಂಬರು ತಖ್ತೆಗೆ ಬರುವುದಿಲ್ಲ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರವು ಸಾರಿದಾಗ, ಪರಿಹಾರದ ಹಣವು ಫ್ರೂಟ್ಸ್ ದಾಖಲೆಯ ಆಧಾರದ ಮೇಲೆ ನೇರವಾಗಿ ರೈತರ ಬ್ಯಾಂಕ್ ಖಾತೆಗೆ ಹೋಗುವ ಏರ್ಪಾಡಾಯಿತು. ಜಮೀನಿನ ವಿವರವನ್ನು ಪೂರ್ತಿಯಾಗಿ ಸೇರಿಸಿಕೊಳ್ಳುವಂತೆ ಆಗ ರೈತರನ್ನು ಸರ್ಕಾರವು ಪದೇಪದೇ ಕೇಳಿಕೊಳ್ಳಬೇಕಾಯಿತು. ಬರವು ಬಂದಮೇಲೆ ದಾಖಲೆಗಾಗಿ ಕಚೇರಿಯ ಮುಂದೆ ನಿಲ್ಲುವುದಕ್ಕಿಂತ, ಬಿಡುವಿನ ದಿನಗಳಲ್ಲಿ ಆ ಕೆಲಸವನ್ನು ಮುಗಿಸಿಕೊಂಡಿರುವುದು ಬುದ್ಧಿವಂತಿಕೆ.

ತಾರೀಖಿನ ತೊಡಕು. ಬೆಳೆ ಸಮೀಕ್ಷೆಯ ನಮೂದುಗಳು ಒಂದೇ ದಿನದಲ್ಲಿ ಬರುವುದಿಲ್ಲ. ಬಂದವುಗಳನ್ನು ಮೇಲ್ವಿಚಾರಕರು ನೋಡಿ ಒಪ್ಪಬೇಕು. ಆಗಸ್ಟ್ ತಿಂಗಳಿನಲ್ಲಿ ತೆಗೆದ ತಖ್ತೆಗೂ ಅಕ್ಟೋಬರಿನಲ್ಲಿ ತೆಗೆದದ್ದಕ್ಕೂ ವ್ಯತ್ಯಾಸವಿದ್ದರೆ ಮೋಸವಾಯಿತೆಂದು ಕೂಡಲೇ ಹೇಳಬಾರದು. ಕಾಗದದ ಅಂಚಿನಲ್ಲಿ ಅಚ್ಚಾಗಿರುವ ತಾರೀಖನ್ನು ನೋಡಿ, ಅಂದು ಎಷ್ಟು ನಮೂದುಗಳು ಒಪ್ಪಿಗೆಯಾಗಿದ್ದವೆಂದು ವಿಚಾರಿಸಬೇಕು. ತಾರೀಖಿಲ್ಲದ ತಖ್ತೆಯು ರುಜುವಿಲ್ಲದ ರಸೀತಿಗೆ ಸಮಾನ.

ಭೂಮಾಲೀಕರು ನಡೆಸಬೇಕಾದ ಕೆಲಸಗಳು

ಮೇಲೆ ಹೇಳಿದ ದೋಷಗಳಲ್ಲಿ ಅಚ್ಚಿನ ದೋಷವನ್ನು ರೈತನು ತಿದ್ದಲಾರನು. ಆದರೆ ತನ್ನ ಜಮೀನಿನ ಸಾಲು ಸರಿಯಾಗಿದೆಯೇ ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಆದ್ದರಿಂದ:

(1) ವರ್ಷಕ್ಕೆ ಒಂದಾವರ್ತಿಯಾದರೂ ಎಲ್ಲ ನಂಬರುಗಳ ಪಹಣಿಯನ್ನು ತೆಗೆಸಿ ವಿಸ್ತೀರ್ಣ, ಹೆಸರು, ಋಣ ಮತ್ತು ಬೆಳೆಯ ಕಲಂಗಳನ್ನು ಓದಬೇಕು. ತೀರಿಹೋದ ಹಿರಿಯರ ಹೆಸರಿನಲ್ಲಿಯೇ ಖಾತೆಯಿದ್ದರೆ ಪೌತಿ ಖಾತೆಯನ್ನು ಮಾಡಿಸಿಕೊಳ್ಳಬೇಕು.

(2) ಬೇರೆ ಗ್ರಾಮದಲ್ಲಿ ಅಥವಾ ಬೇರೆ ತಾಲ್ಲೂಕಿನಲ್ಲಿರುವ ಜಮೀನೂ ಎಫ್.ಐ.ಡಿ.ಗೆ ಸೇರಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು. ಹುಣಸೂರಿನಲ್ಲಿ ಹೊಗೆಸೊಪ್ಪಿನ ಹೊಲವೂ, ಕೃಷ್ಣರಾಜನಗರದಲ್ಲಿ ಗದ್ದೆಯೂ ಇರುವವರು ಒಂದನ್ನು ಮಾತ್ರ ಸೇರಿಸಿ ಮರೆಯುವುದುಂಟು.

(3) ಬೆಳೆ ಸಮೀಕ್ಷೆಯವರು ಬಂದಾಗ ಹೊಲದಲ್ಲಿ ಹಾಜರಿರಬೇಕು. ಇಲ್ಲವೇ ಫೋನಿನಿಂದ ತಾವೇ ವಿವರವನ್ನು ಕಳುಹಿಸಬೇಕು. ಛಾಯಾಚಿತ್ರವನ್ನು ಬದುವಿನ ಆಚೆ ನಿಂತು ತೆಗೆಯದೆ ಹೊಲದೊಳಗೆ ನಿಂತು ತೆಗೆಯಬೇಕು. ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲುಗಳಿದ್ದರೆ ಮಿಶ್ರ ಬೆಳೆಯೆಂದು ಎರಡನ್ನೂ ನಮೂದಿಸಬೇಕು. ರಾಗಿಯೊಂದನ್ನೇ ಬರೆದರೆ ಅವರೆಯು ಯಾವ ತಖ್ತೆಯಲ್ಲಿಯೂ ಕಾಣಿಸದು.

(4) ವಿಮೆ ಕಟ್ಟುವಾಗ ಬರೆಸಿದ ಬೆಳೆಯೂ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಒಂದೇ ಆಗಿರಬೇಕು. ವಿಮೆಯಲ್ಲಿ ಮುಸುಕಿನ ಜೋಳವೆಂದೂ ಸಮೀಕ್ಷೆಯಲ್ಲಿ ರಾಗಿಯೆಂದೂ ಇದ್ದರೆ, ಎರಡು ಪಟ್ಟಿಗಳನ್ನು ಜೋಡಿಸಿದಾಗ ಆ ಅರ್ಜಿಯು ತಾಳೆಯಾಗದೆ ತಿರಸ್ಕೃತವಾಗುವ ಸಂಭವವುಂಟು.

(5) ದಾಖಲಾದ ಬೆಳೆಯನ್ನು ಬೆಳೆ ದರ್ಶಕದಲ್ಲಿ ನೋಡಿ, ತಪ್ಪಿದ್ದರೆ ಗೊತ್ತಾದ ವಾಯಿದೆಯೊಳಗೆ ಆಕ್ಷೇಪಣೆಯನ್ನು ಸಲ್ಲಿಸಬೇಕು. ಕೊಯ್ಲಾಗಿ ಹೊಲವನ್ನು ಉತ್ತ ಮೇಲೆ ಯಾವ ಬೆಳೆಯಿತ್ತೆಂದು ತೋರಿಸುವುದು ಕಷ್ಟ.

ಗ್ರಾಮದ ಮುಖಂಡರ ಹೊಣೆ

ಒಬ್ಬ ರೈತನು ತನ್ನ ಒಂದು ಸಾಲನ್ನು ಕಾಣುತ್ತಾನೆ. ಮುಖಂಡನು ಇಡೀ ಗ್ರಾಮದ ಗೋಷ್ವಾರೆಯನ್ನು ಕಾಣಬಲ್ಲನು. ಗ್ರಾಮದಲ್ಲಿ ತರಿ ಎಷ್ಟು, ಖುಷ್ಕಿ ಎಷ್ಟು, ಬಾಗಾಯ್ತು ಎಷ್ಟು ಎಂಬುದು ಅವನ ಬಾಯಿಯಲ್ಲಿಯೇ ಇರುತ್ತದೆ. 8 ಎಕರೆಯ ಗ್ರಾಮದಲ್ಲಿ 12 ಎಕರೆ 20 ಗುಂಟೆ ಬೆಳೆಯಿದೆಯೆಂದು ಬರೆದ ತಖ್ತೆಯನ್ನು ನೋಡಿದೊಡನೆ ಇದು ಹೇಗಾಯಿತೆಂದು ಅವನಿಗೆ ಅನಿಸಬೇಕು, 6.20 ಎಂಬುದನ್ನು ನೋಡಿದಾಗಲೂ ಹಾಗೆಯೇ. ಅಲಸಂದೆಯನ್ನು ತೆಗೆದು ಅದೇ ಗದ್ದೆಯಲ್ಲಿ ಬತ್ತವನ್ನು ನಾಟಿಮಾಡುವ ಕಡೆ ವರ್ಷದ ಒಟ್ಟು ಬೆಳೆ ವಿಸ್ತೀರ್ಣವು ಜಮೀನಿನ ವಿಸ್ತೀರ್ಣಕ್ಕಿಂತ ಹೆಚ್ಚಾಗುವುದು ಸಹಜ. ಆ ಕಾರಣವಿಲ್ಲದೆ ಹೆಚ್ಚಾಗಿದ್ದರೆ ಮಾತ್ರ ಅದು ದೋಷ. ಈ ವಿವೇಚನೆಯು ಊರನ್ನು ಬಲ್ಲ ಮನುಷ್ಯನಿಗಲ್ಲದೆ ಯಂತ್ರಕ್ಕೆ ಬಾರದು.

ಆದ್ದರಿಂದ ಸಮೀಕ್ಷೆಯ ಕರಡು ಲೆಕ್ಕವು ಬಂದಾಗ ಮುಖಂಡರು ಗ್ರಾಮ ಆಡಳಿತಾಧಿಕಾರಿಯನ್ನೂ ಕೃಷಿ ಇಲಾಖೆಯ ಸಿಬ್ಬಂದಿಯನ್ನೂ ಕರೆಸಿ, ಹತ್ತು ಜನರ ಮುಂದೆ ಬೆಳೆವಾರು ಮೊತ್ತವನ್ನು ಓದಿಸುವುದು ಒಳ್ಳೆಯದು. ಆಗ ಪ್ರತಿಯೊಂದು ತಖ್ತೆಯ ವಿಷಯದಲ್ಲಿಯೂ ಮೂರು ಪ್ರಶ್ನೆಗಳನ್ನು ಕೇಳಬೇಕು: ಇದು ಯಾವ ಪಟ್ಟಿಯಿಂದ ಬಂದದ್ದು? ಯಾವ ತಾರೀಖಿನ ಲೆಕ್ಕ? ಅಳತೆಯು ಎಕರೆ ಗುಂಟೆಯೋ, ದಶಾಂಶ ಎಕರೆಯೋ, ಹೆಕ್ಟೇರೋ? ಅನುಮಾನ ಬಂದಲ್ಲಿ ನಾಲ್ಕೈದು ನಂಬರುಗಳನ್ನು ಆರಿಸಿ ಕೈಯಿಂದಲೇ ಕೂಡಿ ನೋಡಬೇಕು. ಕೈಲೆಕ್ಕಕ್ಕೂ ತಖ್ತೆಗೂ ವ್ಯತ್ಯಾಸವಿದ್ದರೆ ಸರ್ವೆ ನಂಬರುಗಳ ಸಮೇತ ಬರೆದು ತಹಶೀಲ್ದಾರರಿಗೂ ಸಹಾಯಕ ಕೃಷಿ ನಿರ್ದೇಶಕರಿಗೂ ಕೊಡಬೇಕು. ಲೆಕ್ಕ ತಪ್ಪಾಗಿದೆಯೆಂದು ಬಾಯಿಮಾತಿನಲ್ಲಿ ದೂರುವುದರಿಂದ ಅಚ್ಚನ್ನು ತಿದ್ದುವವನಿಗೆ ಏನೂ ತಿಳಿಯದು. 18/3ರಲ್ಲಿ ಮೂರು ಸಲ ಕೂಡಿದೆಯೆಂದು ಬರೆದುಕೊಟ್ಟರೆ ಅವನು ಆ ಒಂದು ಸ್ಥಳವನ್ನು ತಿದ್ದಿ, ಆ ಅಚ್ಚಿನ ಎಲ್ಲ ಗ್ರಾಮಗಳ ಲೆಕ್ಕವನ್ನೂ ನೇರ್ಪಡಿಸಬಲ್ಲನು. ಒಂದು ತಪ್ಪು ಎಲ್ಲೆಡೆ ಹರಡುವಂತೆಯೇ ಒಂದು ತಿದ್ದುಪಡಿಯೂ ಎಲ್ಲೆಡೆ ಹರಡುತ್ತದೆ. ಯಂತ್ರದ ಕ್ರಮದಲ್ಲಿರುವ ದೊಡ್ಡ ಅನುಕೂಲವು ಇದೇ.

ಕೈಬರಹದ ಗೋಷ್ವಾರೆಗೆ ತಿಂಗಳುಗಳು ಹಿಡಿಯುತ್ತಿದ್ದ ಕೆಲಸವು ಈಗ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಬರ, ನೆರೆ, ಕೀಟಬಾಧೆಗಳ ಕಾಲದಲ್ಲಿ ಸಹಾಯವು ಬೇಗನೆ ತಲಪುವುದಕ್ಕೆ ಈ ಶೀಘ್ರತೆಯು ಬಹಳ ಉಪಯುಕ್ತ. ಆದರೆ ಶೀಘ್ರತೆಯೇ ಸತ್ಯವಲ್ಲ. ತಖ್ತೆಯ ಕೊನೆಯಲ್ಲಿರುವ ಮೊತ್ತವು ಎಷ್ಟು ದೊಡ್ಡದಾದರೂ ಅದರ ಬೇರು ಯಾವುದೋ ಒಂದು ಬದುವಿನೊಳಗಣ ಒಂದು ನಮೂದಿನಲ್ಲಿದೆ. ಆ ನಮೂದನ್ನು ಸರಿಯಾಗಿ ಬರೆಸುವುದು ಭೂಮಾಲೀಕರ ಕೆಲಸ. ಮೊತ್ತವನ್ನು ಪ್ರಶ್ನಿಸುವುದು ಮುಖಂಡರ ಕೆಲಸ. ಇವೆರಡೂ ನಡೆದಲ್ಲಿ ಗಣಕಯಂತ್ರವು ರೈತನಿಗೆ ನಂಬಿಕೆಯ ಗುಮಾಸ್ತನಾಗಿ ಸೇವೆಮಾಡುವುದರಲ್ಲಿ ಸಂದೇಹವಿಲ್ಲ.